ಕಾಲಿನ ನಾಡಿ: ರಕ್ತನಾಳರೋಗಗಳ ಉಪದ್ರವಗಳೂ ಚಿಕಿತ್ಸೆಯ ಫಲಾಫಲಗಳೂ

ಮನುಷ್ಯನ ಅವಯವಗಳಲ್ಲಿ ಕಾಲಿನಷ್ಟು ದುಡಿಯುವುದೂ ಮತ್ತೊಂದಿಲ್ಲ, ಕಾಲಿನಷ್ಟು ಅಲಕ್ಷ್ಯಕ್ಕೆ ಗುರಿಯಾಗುವುದೂ ಮತ್ತೊಂದಿಲ್ಲ. ಮುಖವನ್ನು ದಿನಕ್ಕೆ ಹತ್ತು ಬಾರಿ ಕನ್ನಡಿಯಲ್ಲಿ ನೋಡಿಕೊಳ್ಳುವವನು ತನ್ನ ಅಂಗಾಲನ್ನು ವರ್ಷಕ್ಕೊಮ್ಮೆಯೂ ನೋಡಿಕೊಂಡಿರುವುದಿಲ್ಲ. ಮಲೆನಾಡಿನಲ್ಲಿ ಈ ಮಾತು ಇನ್ನಷ್ಟು ನಿಜ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಗಳ ಬದುಕೆಲ್ಲ ಕಾಲಿನ ಮೇಲೆ ನಿಂತ ಬದುಕು. ಮಾಸ್ತಿಕಟ್ಟೆ, ಹುಲಿಕಲ್ಲುಗಳ ಸುತ್ತಿನ ಹಳ್ಳಿಗಳಲ್ಲಿ ಗದ್ದೆಯ ನಾಟಿಗೆ ಕೆಸರಿನಲ್ಲಿ ನಿಲ್ಲಬೇಕು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯಲು ತೋಟದ ಜಾರು ನೆಲದಲ್ಲಿ ಓಡಾಡಬೇಕು. ಕೊಯ್ಲಿನ ದಿನಗಳಲ್ಲಿ ಮೆಟ್ಟುಗತ್ತಿಯ ಮುಂದೆ ನಡುರಾತ್ರಿಯವರೆಗೆ ಕುಳಿತು ಅಡಿಕೆ ಸುಲಿಯಬೇಕು. ಇಂಥಲ್ಲಿ ಕಾಲಿಗೆ ಬಂದ ನೋವನ್ನು ಯಾರೂ ರೋಗವೆಂದು ಭಾವಿಸುವುದಿಲ್ಲ. ದುಡಿದ ನೋವು, ವಯಸ್ಸಿನ ನೋವು, ವಾಯುವಿನ ನೋವು ಎಂದು ಅದಕ್ಕೊಂದು ಹೆಸರಿಟ್ಟು ಎಣ್ಣೆ ತಿಕ್ಕಿ ಸುಮ್ಮನಾಗುತ್ತಾರೆ. ಆ ನೋವುಗಳಲ್ಲಿ ಕೆಲವು ಕಾಲಿನ ರಕ್ತನಾಳಗಳು ಕಟ್ಟಿಕೊಳ್ಳುತ್ತಿರುವುದರ ಸೂಚನೆಗಳು. ಅವನ್ನು ಕಾಲದಲ್ಲಿ ಗುರುತಿಸಿದರೆ ಕಾಲು ಉಳಿಯುತ್ತದೆ. ಗುರುತಿಸದೆ ಹೋದರೆ ಕಾಲನ್ನೇ ಕಳೆದುಕೊಳ್ಳಬೇಕಾದೀತು, ಕೆಲವೊಮ್ಮೆ ಪ್ರಾಣವನ್ನೂ. ಆದುದರಿಂದ ರಕ್ತನಾಳರೋಗಗಳ ಸ್ವರೂಪ, ಅವುಗಳ ಉಪದ್ರವ, ಚಿಕಿತ್ಸೆಯ ಫಲ ಇವುಗಳನ್ನು ವಿದ್ಯಾರ್ಥಿಗಳೂ ಅವರ ಮನೆಯ ಹಿರಿಯರೂ ತಿಳಿದಿರುವುದು ಅವಶ್ಯಕ.

ನೀರಿನ ದಾರಿ, ನೆತ್ತರಿನ ದಾರಿ

ಮಾಸ್ತಿಕಟ್ಟೆಯ ಪರಿಸರದವರಿಗೆ ಈ ವಿಷಯವನ್ನು ವಿವರಿಸಲು ದೂರದ ಉದಾಹರಣೆಯನ್ನು ಹುಡುಕಬೇಕಾಗಿಲ್ಲ. ಮಾಣಿಯಲ್ಲಿ ವಾರಾಹಿ ನದಿಗೆ ಅಣೆಕಟ್ಟು ಕಟ್ಟಿ, ಅಲ್ಲಿಯ ನೀರನ್ನು ಸುರಂಗಗಳ ಮೂಲಕ ಘಟ್ಟದ ಕೆಳಗಿನ ಹೊಸಂಗಡಿಯ ಭೂಗರ್ಭ ವಿದ್ಯುದಾಗಾರಕ್ಕೆ ಇಳಿಸಿ, ತಲಾ 115 ಮೆಗಾವ್ಯಾಟಿನ ನಾಲ್ಕು ಯಂತ್ರಗಳಿಂದ ಒಟ್ಟು 460 ಮೆಗಾವ್ಯಾಟ್ ವಿದ್ಯುತ್ತನ್ನು ಉತ್ಪಾದಿಸಲಾಗುತ್ತದೆ. ಅಣೆಕಟ್ಟಿನಲ್ಲಿ ಎಷ್ಟೇ ನೀರಿರಲಿ, ಕೊಳವೆಯ ಬಾಯಿ ಕಿರಿದಾದರೆ ಕೆಳಗಿನ ಯಂತ್ರ ತಿರುಗುವುದಿಲ್ಲ. ದೇಹದ ವ್ಯವಸ್ಥೆಯೂ ಇಂಥದೇ. ಬೆಳೆದ ಮನುಷ್ಯನ ಹೃದಯವು ವಿಶ್ರಾಂತಿಯಲ್ಲಿರುವಾಗ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಹೊರದೂಡುತ್ತದೆ. ಅದು ಮಹಾಧಮನಿಯಿಂದ ಹೊಟ್ಟೆಗಿಳಿದು, ಹೊಕ್ಕುಳಿನ ಮಟ್ಟದಲ್ಲಿ ಕವಲೊಡೆದು, ತೊಡೆಯ ಧಮನಿಯಾಗಿ, ಮಂಡಿಯ ಹಿಂಬದಿಯಲ್ಲಿ ಹಾದು, ಪಾದದ ಬೆರಳ ತುದಿಯವರೆಗೆ ಹೋಗುತ್ತದೆ. ಹೃದಯ ಗಟ್ಟಿಯಾಗಿದ್ದರೂ ಈ ದಾರಿಯಲ್ಲಿ ಎಲ್ಲಿಯಾದರೂ ಅಡಚಣೆಯಾದರೆ ಅದರಿಂದಾಚೆಗಿನ ಮಾಂಸ ಹಸಿದುಕೊಳ್ಳುತ್ತದೆ.

ಇಲ್ಲಿ ಒಂದು ಲೆಕ್ಕ ಗಮನಾರ್ಹವಾದುದು. ಫ್ರಾನ್ಸಿನ ವೈದ್ಯನಾದ ಪ್ವಾಸೇಯಿ ಹತ್ತೊಂಬತ್ತನೆಯ ಶತಮಾನದಲ್ಲಿ ಸಣ್ಣ ಕೊಳವೆಗಳಲ್ಲಿ ದ್ರವದ ಹರಿವನ್ನು ಅಳೆದು ಒಂದು ನಿಯಮವನ್ನು ಕಂಡುಕೊಂಡನು. ಒತ್ತಡ ಒಂದೇ ಆಗಿದ್ದರೆ ಹರಿವು ಕೊಳವೆಯ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ಎಂದರೆ ಕೊಳವೆಯ ಅಗಲ ಅರ್ಧವಾದರೆ ಹರಿವು ಅರ್ಧವಾಗುವುದಿಲ್ಲ. ಹದಿನಾರರಲ್ಲಿ ಒಂದು ಪಾಲಾಗುತ್ತದೆ. ದೇಹದ ನಾಳ ಕಬ್ಬಿಣದ ಕೊಳವೆಯಲ್ಲವಾದುದರಿಂದ ಈ ಲೆಕ್ಕ ಅಲ್ಲಿ ಯಥಾವತ್ತಾಗಿ ನಡೆಯದಿದ್ದರೂ ತತ್ತ್ವ ಅದೇ. ಕೊಂಚ ಕಿರಿದಾದರೂ ಕೇಡು ಹೆಚ್ಚು. ಕೊಂಚ ಅಗಲಿಸಿದರೂ ಲಾಭ ಹೆಚ್ಚು.

ಆದರೆ ದೇಹವು ಸುಲಭವಾಗಿ ಸೋಲೊಪ್ಪುವುದಿಲ್ಲ. ಬಾಳೆಬರೆ ಘಾಟಿಯಲ್ಲಿ ಮಣ್ಣು ಕುಸಿದು ದಾರಿ ಕಟ್ಟಿದಾಗ ವಾಹನಗಳು ಆಗುಂಬೆಯ ಕಡೆಯಿಂದಲೋ ಕೊಲ್ಲೂರಿನ ಕಡೆಯಿಂದಲೋ ಸುತ್ತಿ ಹೋಗುವಂತೆ, ದೊಡ್ಡ ಧಮನಿ ನಿಧಾನವಾಗಿ ಮುಚ್ಚುತ್ತ ಬಂದರೆ ಅಕ್ಕಪಕ್ಕದ ಕಿರುನಾಳಗಳು ಅಗಲವಾಗಿ ರಕ್ತಕ್ಕೆ ಸುತ್ತುದಾರಿ ಮಾಡಿಕೊಡುತ್ತವೆ. ಈ ಸುತ್ತುದಾರಿಗಳ ದೆಸೆಯಿಂದಲೇ ಅನೇಕರಿಗೆ ರೋಗವಿದ್ದರೂ ವರ್ಷಗಟ್ಟಲೆ ಅದರ ಅರಿವಾಗುವುದಿಲ್ಲ. ನಾಳವು ಹಠಾತ್ತಾಗಿ ಕಟ್ಟಿಕೊಂಡರೆ ಮಾತ್ರ ಸುತ್ತುದಾರಿ ಬೆಳೆಯಲು ಅವಕಾಶವಿರುವುದಿಲ್ಲ. ಆಗ ಗಂಟೆಗಳ ಲೆಕ್ಕದಲ್ಲಿ ಅನಾಹುತವಾಗುತ್ತದೆ.

ಶಬ್ದವೂ ಶಾಸ್ತ್ರವೂ

ನಮ್ಮ ಪ್ರಾಚೀನರು ದೇಹದ ನಾಳಗಳನ್ನು ಸಿರೆ, ಧಮನಿ, ಸ್ರೋತಸ್ಸು ಎಂದು ವಿಂಗಡಿಸಿದ್ದರು. 'ಧಮನಿ' ಎಂಬ ಶಬ್ದ ಊದುವುದೆಂಬ ಅರ್ಥದ 'ಧ್ಮಾ' ಧಾತುವಿನಿಂದ ಹುಟ್ಟಿತು. ಗ್ರೀಕರೂ ಧಮನಿಗಳಲ್ಲಿ ಗಾಳಿಯೇ ಸಂಚರಿಸುತ್ತದೆಂದು ಬಹುಕಾಲ ನಂಬಿದ್ದರು. ಶವವನ್ನು ಸೀಳಿದಾಗ ಧಮನಿಗಳು ಬರಿದಾಗಿ ಕಾಣುತ್ತಿದ್ದುದೇ ಅದಕ್ಕೆ ಕಾರಣ. ರಕ್ತವು ಹೃದಯದಿಂದ ಧಮನಿಗಳ ಮೂಲಕ ಹೊರಟು ಸಿರೆಗಳ ಮೂಲಕ ಮರಳುತ್ತದೆಂಬುದನ್ನು ಇಂಗ್ಲೆಂಡಿನ ವಿಲಿಯಂ ಹಾರ್ವೆ 1628ರಲ್ಲಿ ಪ್ರತಿಪಾದಿಸಿದನು. ಇವೆರಡನ್ನೂ ಜೋಡಿಸುವ, ಕೂದಲಿಗಿಂತ ತೆಳುವಾದ ಲೋಮನಾಳಗಳನ್ನು ಇಟಲಿಯ ಮಾಲ್ಪೀಗಿ 1661ರಲ್ಲಿ ಸೂಕ್ಷ್ಮದರ್ಶಕದಿಂದ ಕಂಡನು.

ಆಯುರ್ವೇದದ ಎರಡು ಪರಿಭಾಷೆಗಳು ಇಂದಿನ ವೈದ್ಯವಿಷಯವನ್ನು ತಿಳಿಯುವುದಕ್ಕೂ ಉಪಯುಕ್ತವಾಗಿವೆ. ಮೂಲರೋಗವನ್ನು ಆಶ್ರಯಿಸಿ ಅನಂತರ ಹುಟ್ಟುವ ಕೇಡಿಗೆ ಅಲ್ಲಿ 'ಉಪದ್ರವ' ಎಂದು ಹೆಸರು. ರೋಗದ ಫಲವನ್ನು ಮುಂಗಂಡು ಅದನ್ನು ಸುಖಸಾಧ್ಯ, ಕೃಚ್ಛ್ರಸಾಧ್ಯ, ಯಾಪ್ಯ, ಅಸಾಧ್ಯ ಎಂದು ನಾಲ್ಕಾಗಿ ವಿಭಾಗಿಸುವುದು ಎರಡನೆಯದು. ಸುಲಭವಾಗಿ ಗುಣವಾಗುವುದು ಸುಖಸಾಧ್ಯ, ಕಷ್ಟದಿಂದ ಗುಣವಾಗುವುದು ಕೃಚ್ಛ್ರಸಾಧ್ಯ, ಪೂರ್ತಿ ಗುಣವಾಗದಿದ್ದರೂ ಔಷಧ, ಪಥ್ಯಗಳಿರುವವರೆಗೆ ಹತೋಟಿಯಲ್ಲಿರುವುದು ಯಾಪ್ಯ, ಕೈಮೀರಿದುದು ಅಸಾಧ್ಯ. ಒಂದೇ ರಕ್ತನಾಳರೋಗವು ಕಾಲಕ್ರಮದಲ್ಲಿ ಈ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿಯುತ್ತದೆ. ರೋಗಿ ಯಾವ ಮೆಟ್ಟಿಲಿನಲ್ಲಿ ವೈದ್ಯನ ಬಳಿಗೆ ಬಂದನೆಂಬುದರ ಮೇಲೆ ಅವನ ಕಾಲಿನ ಅದೃಷ್ಟ ನಿಂತಿದೆ.

ಧಮನಿಯ ರೋಗದ ಕ್ರಮ

ಧಮನಿಯ ಒಳಗೋಡೆಯಲ್ಲಿ ಕೊಬ್ಬು, ಸುಣ್ಣಾಂಶಗಳು ಸೇರಿ ಗಡುಸಾಗಿ, ನಾಳವು ಒಳಗಿನಿಂದಲೇ ಕಿರಿದಾಗುವುದು ಈ ರೋಗಗಳಲ್ಲಿ ಅತಿ ಸಾಮಾನ್ಯವಾದುದು. ಧೂಮಪಾನ, ಸಕ್ಕರೆ ಕಾಯಿಲೆ, ಏರಿದ ರಕ್ತದೊತ್ತಡ, ರಕ್ತದಲ್ಲಿಯ ಕೊಬ್ಬು, ವಯಸ್ಸು ಇವು ಅದರ ಮುಖ್ಯ ಕಾರಣಗಳು. ಮೊದಲ ಚಿಹ್ನೆ ನಡಿಗೆಯ ನೋವು. ಇಷ್ಟು ದೂರ ನಡೆದೊಡನೆ ಮೀನಖಂಡ ಹಿಡಿದುಕೊಳ್ಳುತ್ತದೆ. ಎರಡು ಮೂರು ನಿಮಿಷ ನಿಂತರೆ ಬಿಡುತ್ತದೆ. ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಹಿಡಿಯುತ್ತದೆ. ಏರುದಾರಿಯಲ್ಲಿ ಬೇಗ, ಸಮತಟ್ಟಿನಲ್ಲಿ ತಡವಾಗಿ. ಸಂಧಿವಾತದ ನೋವಿಗೂ ಇದಕ್ಕೂ ವ್ಯತ್ಯಾಸವಿರುವುದು ಈ ಕಟ್ಟುನಿಟ್ಟಾದ ಕ್ರಮದಲ್ಲಿಯೇ.

ಎರಡನೆಯ ಹಂತ ವಿಶ್ರಾಂತಿಯ ನೋವು. ರಾತ್ರಿ ಮಲಗಿದಾಗ ಪಾದದ ಮುಂಭಾಗ ಉರಿದು ನಿದ್ರೆ ಬಾರದು. ಕಾಲನ್ನು ಮಂಚದಿಂದ ಇಳಿಬಿಟ್ಟರೆ ಸ್ವಲ್ಪ ಹಿತವೆನಿಸುತ್ತದೆ. ಏಕೆಂದರೆ ಭೂಮಿಯ ಸೆಳೆತ ರಕ್ತವನ್ನು ಕೆಳಕ್ಕೆಳೆದು ಕೊಂಚ ಸಹಾಯ ಮಾಡುತ್ತದೆ. ಕುರ್ಚಿಯಲ್ಲಿ ಕುಳಿತೇ ರಾತ್ರಿ ಕಳೆಯುವ ವೃದ್ಧರನ್ನು ಕಂಡರೆ ಮನೆಯವರು ಇದನ್ನು ನೆನೆಯಬೇಕು. ಮೂರನೆಯದು ಮಾಯದ ಹುಣ್ಣು. ನಾಲ್ಕನೆಯದು ಬೆರಳು ಕಪ್ಪಾಗಿ ಒಣಗುವ ಅಥವಾ ಕೊಳೆಯುವ ಸ್ಥಿತಿ. ಇದಕ್ಕೇ ಗ್ಯಾಂಗ್ರೀನ್ ಎಂದು ಹೆಸರು.

ಈ ಹಂತಗಳ ಫಲದಲ್ಲಿ ಅಜಗಜಾಂತರವಿದೆ. ನಡಿಗೆಯ ನೋವಿನ ಹಂತದಲ್ಲಿದ್ದು ಪಥ್ಯದಿಂದ ನಡೆದುಕೊಳ್ಳುವವರಲ್ಲಿ ಐದು ವರ್ಷಗಳಲ್ಲಿ ಕಾಲು ಕಳೆದುಕೊಳ್ಳುವವರು ನೂರಕ್ಕೆ ಕೆಲವೇ ಮಂದಿ. ವಿಶ್ರಾಂತಿಯ ನೋವು, ಹುಣ್ಣು, ಗ್ಯಾಂಗ್ರೀನುಗಳ ಹಂತಕ್ಕೆ ಬಂದು ರಕ್ತಸಂಚಾರವನ್ನು ಸರಿಪಡಿಸಿಕೊಳ್ಳದವರಲ್ಲಿಯಾದರೋ ಸುಮಾರು ಐದರಲ್ಲಿ ಒಬ್ಬರು ವರ್ಷದೊಳಗೆ ಕಾಲು ಕಳೆದುಕೊಳ್ಳುತ್ತಾರೆ. ಹೆಚ್ಚು ಕಡಮೆ ಅಷ್ಟೇ ಮಂದಿ ಪ್ರಾಣವನ್ನೂ ಕಳೆದುಕೊಳ್ಳುತ್ತಾರೆ. ಈ ಮರಣಗಳು ಬಹುಪಾಲು ಕಾಲಿನಿಂದ ಬಂದವಲ್ಲ. ಹೃದಯಾಘಾತದಿಂದಲೂ ಪಾರ್ಶ್ವವಾಯುವಿನಿಂದಲೂ ಬಂದವು. ಕಾಲಿನ ಧಮನಿಯನ್ನು ಕೆಡಿಸಿದ ರೋಗ ಹೃದಯದ ಮತ್ತು ಮಿದುಳಿನ ಧಮನಿಗಳನ್ನು ಬಿಟ್ಟಿರುವುದಿಲ್ಲ. ಕಾಲಿನ ನೋವು ಇಡೀ ದೇಹದ ಎಚ್ಚರಿಕೆಯ ಗಂಟೆ.

ಪತ್ತೆ ಮಾಡುವ ಬಗೆ ಸುಲಭವಾದುದು. ಪಾದದ ಮೇಲ್ಭಾಗದಲ್ಲಿಯೂ ಒಳಹರಡಿನ ಹಿಂದೆಯೂ ನಾಡಿ ಮಿಡಿಯುತ್ತದೆ; ವೈದ್ಯನು ಬೆರಳಿಟ್ಟು ಅದನ್ನು ನೋಡುತ್ತಾನೆ. ಹರಡಿನ ಬಳಿಯ ರಕ್ತದೊತ್ತಡವನ್ನು ತೋಳಿನ ರಕ್ತದೊತ್ತಡದಿಂದ ಭಾಗಿಸಿದರೆ ಬರುವ ಅಂಕೆ ಆರೋಗ್ಯವಂತರಲ್ಲಿ 1ರ ಆಸುಪಾಸಿನಲ್ಲಿರುತ್ತದೆ. ಅದು 0.90 ಅಥವಾ ಅದಕ್ಕಿಂತ ಕಡಮೆಯಾದರೆ ಧಮನಿರೋಗವಿದೆಯೆಂದು ತಿಳಿಯಬೇಕು. ಸಕ್ಕರೆ ಕಾಯಿಲೆಯವರಲ್ಲಿ ನಾಳಗಳು ಸುಣ್ಣಗಟ್ಟಿ ಪಟ್ಟಿಯ ಒತ್ತಡಕ್ಕೆ ಮಣಿಯದಿರುವುದರಿಂದ ಈ ಅಂಕೆ ಸುಳ್ಳಾಗಿ ಏರಬಹುದು. ಅಂಥವರಲ್ಲಿ ಹೆಬ್ಬೆರಳಿನ ಒತ್ತಡವನ್ನು ಅಳೆಯುತ್ತಾರೆ.

ಸಕ್ಕರೆ ಕಾಯಿಲೆ ಮತ್ತು ಪಾದ

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರವ್ಯಾಪಿ ಸಮೀಕ್ಷೆಯು ಭಾರತದಲ್ಲಿ ಸಕ್ಕರೆ ಕಾಯಿಲೆಯವರ ಸಂಖ್ಯೆಯನ್ನು ಸುಮಾರು 10 ಕೋಟಿಯೆಂದು ಅಂದಾಜಿಸಿತು. ವಯಸ್ಕರಲ್ಲಿ ನೂರಕ್ಕೆ 11.4 ಮಂದಿ. ಈ ರೋಗವು ಪಾದದ ಮೇಲೆ ಮೂರು ಕಡೆಗಳಿಂದ ದಾಳಿಯಿಡುತ್ತದೆ. ನರಗಳ ಸ್ಪರ್ಶಜ್ಞಾನ ನಶಿಸುವುದು ಒಂದು. ರಕ್ತಸಂಚಾರ ಕುಂದುವುದು ಇನ್ನೊಂದು. ಸೋಂಕು ಬೇಗ ಹರಡುವುದು ಮತ್ತೊಂದು. ಮೂರೂ ಕೂಡಿದಲ್ಲಿ ಸಣ್ಣ ಮುಳ್ಳೂ ಯಮದೂತನಾಗಬಲ್ಲದು.

ಮಲೆನಾಡಿನ ಪದ್ಧತಿಗಳಲ್ಲಿಯೇ ಇದಕ್ಕೆ ಆಸ್ಪದಗಳಿವೆ. ಮಳೆಗಾಲದ ಚಳಿಯಲ್ಲಿ ಬಚ್ಚಲೊಲೆಯ ಮುಂದೆ ಕಾಲು ಚಾಚಿ ಕಾಯಿಸಿಕೊಳ್ಳುವುದು ಹಿತವಾದ ಅಭ್ಯಾಸ. ಆದರೆ ಸ್ಪರ್ಶಜ್ಞಾನವಿಲ್ಲದ ಪಾದ ಸುಟ್ಟರೂ ಸುಟ್ಟಿತೆಂದು ಹೇಳುವುದಿಲ್ಲ. ಬೆಳಿಗ್ಗೆ ಬೊಬ್ಬೆ ಕಂಡಾಗಲೇ ತಿಳಿಯುವುದು. ಬರಿಗಾಲಿನಲ್ಲಿ ತೋಟಕ್ಕೆ ಹೋಗುವುದು, ಬೆರಳ ಸಂದಿನ ಕೆಸರುಹುಣ್ಣನ್ನು ಹಾಗೆಯೇ ಬಿಡುವುದು, ಆಣಿಯನ್ನು ಬ್ಲೇಡಿನಿಂದ ಕೆತ್ತಿಕೊಳ್ಳುವುದು ಇವೂ ಹುಣ್ಣಿಗೆ ಬೀಜಗಳು. ಸಕ್ಕರೆ ಕಾಯಿಲೆಯವರಲ್ಲಿ ನಡೆಯುವ ಕಾಲು ಕತ್ತರಿಕೆಗಳಲ್ಲಿ ನೂರಕ್ಕೆ ಸುಮಾರು 85ಕ್ಕೆ ಮೊದಲು ಒಂದು ಹುಣ್ಣು ಇದ್ದೇ ಇತ್ತೆಂದು ಅಧ್ಯಯನಗಳು ತೋರಿಸಿವೆ. ಎಂದರೆ ಹುಣ್ಣಾಗದಂತೆ ನೋಡಿಕೊಂಡರೆ, ಆದ ಹುಣ್ಣನ್ನು ಒಡನೆಯೇ ಉಪಚರಿಸಿದರೆ, ಕತ್ತರಿಕೆಗಳಲ್ಲಿ ಹೆಚ್ಚಿನವನ್ನು ತಪ್ಪಿಸಬಹುದು.

ಸ್ಪರ್ಶವಿಲ್ಲದ ಪಾದವನ್ನು ಕಾಪಾಡುವ ವಿದ್ಯೆಯ ಒಂದು ಮೂಲ ನೆರೆಯ ತಮಿಳುನಾಡಿನಲ್ಲಿಯೇ ಇದೆ. 1946ರಲ್ಲಿ ವೆಲ್ಲೂರಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್, ಕುಷ್ಠರೋಗಿಗಳ ಪಾದ ಕೊಳೆಯುವುದು ರೋಗಾಣುವಿನಿಂದಲ್ಲ, ನೋವಿನ ಅರಿವಿಲ್ಲದೆ ಮತ್ತೆ ಮತ್ತೆ ಪೆಟ್ಟಾಗುವುದರಿಂದ ಎಂದು ತೋರಿಸಿದನು. ಮೆದುವಾದ ಸೂಕ್ಷ್ಮರಂಧ್ರಗಳ ರಬ್ಬರಿನ ಚಪ್ಪಲಿಗಳು ಅಲ್ಲಿಂದ ಬಳಕೆಗೆ ಬಂದವು. ಎಂ.ಸಿ.ಆರ್. ಚಪ್ಪಲಿ ಎಂದು ಕರೆಯುವ ಅವೇ ಇಂದು ಸಕ್ಕರೆ ಕಾಯಿಲೆಯವರ ಪಾದರಕ್ಷೆಗಳಾಗಿವೆ.

ಹೊಗೆಸೊಪ್ಪಿನ ಋಣ

ಸಕ್ಕರೆ ಕಾಯಿಲೆಯೂ ಇಲ್ಲದೆ, ಮುಪ್ಪೂ ಬಾರದೆ, ನಲವತ್ತರ ಒಳಗಿನವರ ಕಾಲ್ಬೆರಳುಗಳು ಕಪ್ಪಾಗುವ ಒಂದು ರೋಗವುಂಟು. ನ್ಯೂಯಾರ್ಕಿನ ಲಿಯೋ ಬರ್ಗರ್ 1908ರಲ್ಲಿ ವಿವರವಾಗಿ ವರ್ಣಿಸಿದುದರಿಂದ ಅದಕ್ಕೆ ಬರ್ಗರನ ರೋಗವೆಂದು ಹೆಸರು. ಕೈಕಾಲುಗಳ ಸಣ್ಣ ಮತ್ತು ನಡುಗಾತ್ರದ ನಾಳಗಳು ಉರಿಯೂತದಿಂದ ಮುಚ್ಚಿಕೊಳ್ಳುವ ಈ ರೋಗ ಹೆಚ್ಚಾಗಿ ಬೀಡಿ, ಸಿಗರೇಟು ಸೇದುವವರಿಗೇ ಬರುತ್ತದೆ. ಭಾರತದಲ್ಲಿ ಬೀಡಿ ಸೇದುವ ದುಡಿಮೆಗಾರರಲ್ಲಿ ಇದು ವಿರಳವಲ್ಲ. ಇದರ ಚಿಕಿತ್ಸೆಯ ಫಲಾಫಲ ಬಹುಮಟ್ಟಿಗೆ ರೋಗಿಯ ಕೈಯಲ್ಲಿಯೇ ಇದೆ. ಅಮೆರಿಕದ ಕ್ಲೀವ್‌ಲ್ಯಾಂಡ್ ಚಿಕಿತ್ಸಾಲಯದಿಂದ 1990ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಧೂಮಪಾನವನ್ನು ಸಂಪೂರ್ಣವಾಗಿ ಬಿಟ್ಟವರ ಪೈಕಿ ನೂರಕ್ಕೆ 94 ಮಂದಿಗೆ ಯಾವ ಅಂಗಚ್ಛೇದವೂ ಬೇಕಾಗಲಿಲ್ಲ. ಬಿಡದವರಲ್ಲಿ ನೂರಕ್ಕೆ 43 ಮಂದಿ ಬೆರಳನ್ನೋ ಕಾಲನ್ನೋ ಕಳೆದುಕೊಂಡರು. ಯಾವ ಔಷಧಕ್ಕೂ ಇಷ್ಟು ಫಲವಿಲ್ಲ. ದಿನಕ್ಕೆ ಒಂದೆರಡಕ್ಕೆ ಇಳಿಸಿದರೆ ಸಾಲದು, ಪೂರ್ತಿ ಬಿಡಬೇಕು. ಎಲೆಯಡಿಕೆಯೊಂದಿಗೆ ಹೊಗೆಸೊಪ್ಪು ಹಾಕುವುದೂ ನಿರಪಾಯವಲ್ಲ.

ಸಿರೆಗಳ ರೋಗ

ಕೆಳಗಿನಿಂದ ಮೇಲಕ್ಕೆ ರಕ್ತವನ್ನು ಮರಳಿಸುವ ಸಿರೆಗಳಿಗೆ ಬೇರೊಂದು ಬಗೆಯ ಕಷ್ಟ. ಅವುಗಳೊಳಗೆ ಒಂದೇ ಕಡೆಗೆ ತೆರೆಯುವ ಕವಾಟಗಳಿವೆ. ನಡೆಯುವಾಗ ಮೀನಖಂಡದ ಸ್ನಾಯುಗಳು ಹಿಂಡಿ ರಕ್ತವನ್ನು ಮೇಲಕ್ಕೇರಿಸುತ್ತವೆ. ಕವಾಟಗಳು ಅದು ಕೆಳಗಿಳಿಯದಂತೆ ತಡೆಯುತ್ತವೆ. ಗಂಟೆಗಟ್ಟಲೆ ಒಂದೇ ಕಡೆ ನಿಲ್ಲುವವರಲ್ಲಿಯೂ ಹಲವು ಹೆರಿಗೆಗಳಾದ ತಾಯಂದಿರಲ್ಲಿಯೂ ವಂಶದಲ್ಲಿ ಈ ರೋಗವಿರುವವರಲ್ಲಿಯೂ ಕವಾಟಗಳು ಸಡಿಲಗೊಂಡು ಸಿರೆಗಳು ಹಗ್ಗದಂತೆ ಉಬ್ಬಿ ಸುರುಳಿಗೊಳ್ಳುತ್ತವೆ. ಸಂಜೆಯ ಊತ, ಭಾರ, ತುರಿಕೆ, ಒಳಹರಡಿನ ಮೇಲಿನ ಚರ್ಮ ಕಂದುವುದು, ಕೊನೆಗೆ ಅಲ್ಲಿಯೇ ಹುಣ್ಣಾಗುವುದು ಇದರ ಕ್ರಮ. ಇಂಥ ಹುಣ್ಣಿಗೆ ಮುಲಾಮು ಮುಖ್ಯವಲ್ಲ. ಬಿಗಿಪಟ್ಟಿಯೂ ಕೆಟ್ಟ ಸಿರೆಯನ್ನು ಮುಚ್ಚುವುದೂ ಮುಖ್ಯ. 2018ರಲ್ಲಿ ಬ್ರಿಟನ್ನಿನಲ್ಲಿ 450 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲ ಪ್ರಕಟವಾಯಿತು. ಕೆಟ್ಟ ಸಿರೆಯನ್ನು ಬೇಗನೆ ಮುಚ್ಚಿದವರ ಹುಣ್ಣು ಮಾಯಲು 56 ದಿನಗಳೂ, ಬಿಗಿಪಟ್ಟಿ ಕಟ್ಟಿಕೊಂಡು ಆ ಚಿಕಿತ್ಸೆಗೆ ಕಾದವರ ಹುಣ್ಣು ಮಾಯಲು 82 ದಿನಗಳೂ ಹಿಡಿದುವು. ಇಲ್ಲಿ ಒಂದು ಎಚ್ಚರಿಕೆ ಅವಶ್ಯ: ಧಮನಿಯ ರೋಗವೂ ಇರುವ ಕಾಲಿಗೆ ಬಿಗಿಪಟ್ಟಿ ಕಟ್ಟಿದರೆ ಇರುವ ರಕ್ತವೂ ನಿಂತು ಕೇಡಾಗುತ್ತದೆ. ನಾಡಿಯನ್ನು ನೋಡದೆ ಪಟ್ಟಿಯನ್ನು ಕಟ್ಟಬಾರದು.

ಆಳದ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟುವುದು ಇನ್ನೂ ಗಂಭೀರವಾದುದು. ಶಸ್ತ್ರಚಿಕಿತ್ಸೆ, ಮೂಳೆಮುರಿತ, ಬಾಣಂತಿತನ, ದೀರ್ಘ ಶಯ್ಯಾವಾಸ ಇವುಗಳ ಅನಂತರ ಒಂದೇ ಕಾಲು ಊದಿ ನೋಯುವುದು ಇದರ ಚಿಹ್ನೆ. ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಉಸಿರುಕಟ್ಟಿ ಹಠಾತ್ತಾಗಿ ಮರಣ ಸಂಭವಿಸಬಹುದು. ಹೆಪ್ಪುರೋಧಕ ಔಷಧವನ್ನು ಕನಿಷ್ಠ ಮೂರು ತಿಂಗಳು ತಪ್ಪದೆ ತೆಗೆದುಕೊಂಡರೆ ಬಹುಪಾಲು ರೋಗಿಗಳು ಈ ಗಂಡಾಂತರದಿಂದ ಪಾರಾಗುತ್ತಾರೆ. ಆದರೂ ಕೆಲವರಿಗೆ ಕಾಲಿನ ಊತ, ಭಾರ, ಹುಣ್ಣುಗಳು ವರ್ಷಗಟ್ಟಲೆ ಉಳಿಯುತ್ತವೆ.

ಹೆಪ್ಪುರೋಧಕಗಳ ಕಥೆಯಲ್ಲಿ ಮಲೆನಾಡಿಗರಿಗೆ ಪರಿಚಿತವಾದ ಒಂದು ಜೀವಿಯ ಬಳಗಕ್ಕೂ ಪಾತ್ರವಿದೆ. ಉಂಬಳ ಕಚ್ಚಿದ ಜಾಗದಿಂದ ಬಹಳ ಹೊತ್ತು ರಕ್ತ ಒಸರುವುದು ಎಲ್ಲರಿಗೂ ಗೊತ್ತು. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ದ್ರವ್ಯವಿರುವುದೇ ಕಾರಣ. ಸುಶ್ರುತ ಸಂಹಿತೆಯಲ್ಲಿ ಜಿಗಣೆಗಳ ವಿಚಾರಕ್ಕೇ ಒಂದು ಅಧ್ಯಾಯವಿದೆ. 1884ರಲ್ಲಿ ಜಾನ್ ಹೇಕ್ರಾಫ್ಟ್ ವೈದ್ಯಕೀಯ ಜಿಗಣೆಯಲ್ಲಿ ಈ ಗುಣವನ್ನು ತೋರಿಸಿದನು. ಅದರ ಸಾರವಾದ ಹಿರುಡಿನ್ ಎಂಬುದನ್ನು ಮಾದರಿಯಾಗಿಟ್ಟುಕೊಂಡು ಬೈವಾಲಿರುಡಿನ್ ಎಂಬ ಔಷಧವನ್ನು ತಯಾರಿಸಲಾಯಿತು. ಧಮನಿಯನ್ನು ಬಲೂನಿನಿಂದ ಹಿಗ್ಗಿಸುವ ಚಿಕಿತ್ಸೆಗಳಲ್ಲಿ ಅದು ಬಳಕೆಯಲ್ಲಿದೆ. ಹಾಗೆಂದು ಸಕ್ಕರೆ ಕಾಯಿಲೆಯವರ ಪಾದಕ್ಕೆ ತೋಟದ ಉಂಬಳವನ್ನು ಹಚ್ಚುವುದು ಚಿಕಿತ್ಸೆಯಲ್ಲ. ಅದು ಸೋಂಕಿಗೆ ಕೊಡುವ ಆಹ್ವಾನ.

ಚಿಕಿತ್ಸೆ ಮತ್ತು ಅದರ ಫಲ

ನಡಿಗೆಯ ನೋವಿಗೆ ಮೊದಲ ಚಿಕಿತ್ಸೆ ನಡಿಗೆಯೇ ಎಂಬುದು ವಿಚಿತ್ರವಾಗಿ ಕಂಡರೂ ನಿಜ. ನೋವು ಬರುವವರೆಗೆ ನಡೆದು, ನಿಂತು, ನೋವು ಇಳಿದ ಮೇಲೆ ಮತ್ತೆ ನಡೆಯುವುದನ್ನು ದಿನಕ್ಕೆ ಅರ್ಧದಿಂದ ಮುಕ್ಕಾಲು ಗಂಟೆ, ವಾರಕ್ಕೆ ಮೂರು ದಿನವಾದರೂ, ಮೂರು ತಿಂಗಳು ಬಿಡದೆ ಮಾಡಿದರೆ ನೋವಿಲ್ಲದೆ ನಡೆಯುವ ದೂರ ಎರಡರಷ್ಟಾಗುವುದೂ ಉಂಟು. ಇದರೊಂದಿಗೆ ತಂಬಾಕು ಬಿಡುವುದು, ಸಕ್ಕರೆ ಮತ್ತು ರಕ್ತದೊತ್ತಡಗಳ ಹತೋಟಿ, ಕೊಬ್ಬಿಳಿಸುವ ಸ್ಟ್ಯಾಟಿನ್ ಮಾತ್ರೆ, ರಕ್ತಕಣಗಳು ಅಂಟಿಕೊಳ್ಳದಂತೆ ಮಾಡುವ ಆಸ್ಪಿರಿನ್ ಅಥವಾ ಕ್ಲೊಪಿಡೊಗ್ರೆಲ್ ಇವು ಸೇರುತ್ತವೆ. ಆಸ್ಪಿರಿನ್ನಿನೊಂದಿಗೆ ಅಲ್ಪಪ್ರಮಾಣದ ರಿವರೊಕ್ಸಬಾನ್ ಕೊಟ್ಟಾಗ ದೊಡ್ಡ ಅಂಗಚ್ಛೇದಗಳು ಬಹಳಷ್ಟು ತಗ್ಗಿದುವೆಂದು 2017ರಲ್ಲಿ ಪ್ರಕಟವಾದ ಕಂಪಾಸ್ ಪರೀಕ್ಷೆ ತೋರಿಸಿತು. ಆದರೆ ರಕ್ತಸ್ರಾವದ ಭಯವೂ ಹೆಚ್ಚಿತು. ಲಾಭವಿರುವಲ್ಲಿ ಬೆಲೆಯೂ ಇರುತ್ತದೆ. ಆದುದರಿಂದ ಇಂಥ ಔಷಧವನ್ನು ವೈದ್ಯನೇ ನಿರ್ಧರಿಸಬೇಕು.

ಈ ಉಪಾಯಗಳು ಸಾಲದಾದಾಗ ನಾಳವನ್ನೇ ತೆರೆಯಬೇಕಾಗುತ್ತದೆ. ಅದಕ್ಕೆ ಎರಡು ದಾರಿಗಳಿವೆ. ಒಂದು, ರೋಗಿಯದೇ ಸಿರೆಯನ್ನು ತೆಗೆದು ಅಡಚಣೆಯ ಮೇಲಿಂದ ಕೆಳಕ್ಕೆ ಹೊಲಿದು ಹೊಸ ಕಾಲುವೆ ಮಾಡುವುದು. ರಕ್ತನಾಳಗಳನ್ನು ಹೊಲಿಯುವ ಕಲೆಗಾಗಿ ಅಲೆಕ್ಸಿ ಕ್ಯಾರೆಲ್ 1912ರಲ್ಲಿ ನೊಬೆಲ್ ಪಾರಿತೋಷಕ ಪಡೆದನು. ಕಾಲಿಗೆ ಸಿರೆಯ ಕಾಲುವೆಯನ್ನು ಫ್ರಾನ್ಸಿನ ಜಾನ್ ಕುನ್ಲಿನ್ 1948ರಲ್ಲಿ ಹಾಕಿದನು. ಇನ್ನೊಂದು, ಸೂಜಿಯ ರಂಧ್ರದಿಂದ ತಂತಿಯನ್ನು ಸೇರಿಸಿ ನಾಳವನ್ನು ಒಳಗಿನಿಂದ ಹಿಗ್ಗಿಸುವುದು. 1964ರ ಜನವರಿಯಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ 82 ವರ್ಷದ ವೃದ್ಧೆಯೊಬ್ಬಳ ಪಾದ ಕೊಳೆಯುತ್ತಿತ್ತು. ಕಾಲು ತೆಗೆಯಬೇಕೆಂದು ವೈದ್ಯರು ಹೇಳಿದರೂ ಅವಳು ಒಪ್ಪಲಿಲ್ಲ. ಚಾರ್ಲ್ಸ್ ಡಾಟರ್ ಎಂಬ ವೈದ್ಯನು ಒಂದಕ್ಕಿಂತ ಒಂದು ದಪ್ಪನೆಯ ನಳಿಕೆಗಳನ್ನು ತೂರಿಸಿ ಅವಳ ತೊಡೆಯ ಧಮನಿಯನ್ನು ಹಿಗ್ಗಿಸಿದನು. ಪಾದ ಬೆಚ್ಚಗಾಯಿತು, ಕಾಲು ಉಳಿಯಿತು. ಆಂಡ್ರಿಯಾಸ್ ಗ್ರುಂಟ್‌ಸಿಗ್ 1974ರಲ್ಲಿ ಕಾಲಿನ ಧಮನಿಗೆ ಬಲೂನನ್ನು ಬಳಸಿದನು. 1977ರಲ್ಲಿ ಅದನ್ನೇ ಹೃದಯಕ್ಕೆ ಒಯ್ದನು. ಇಂದು ಲಕ್ಷಾಂತರ ಹೃದ್ರೋಗಿಗಳನ್ನು ಉಳಿಸುತ್ತಿರುವ ವಿದ್ಯೆ ಹುಟ್ಟಿದುದು ಒಂದು ಕಾಲನ್ನು ಉಳಿಸುವ ಪ್ರಯತ್ನದಲ್ಲಿ.

ಇವೆರಡರಲ್ಲಿ ಯಾವುದು ಮೇಲು? 2022ರಲ್ಲಿ ಪ್ರಕಟವಾದ, 1830 ರೋಗಿಗಳ ಬೆಸ್ಟ್-ಸಿ.ಎಲ್.ಐ. ಪರೀಕ್ಷೆಯಲ್ಲಿ ಒಳ್ಳೆಯ ಸಿರೆ ಲಭ್ಯವಿದ್ದವರ ಪೈಕಿ ಶಸ್ತ್ರಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 42.6 ಮಂದಿಗೂ, ಒಳದಾರಿಯ ಚಿಕಿತ್ಸೆ ಪಡೆದವರಲ್ಲಿ 57.4 ಮಂದಿಗೂ ಕಾಲಿನ ದೊಡ್ಡ ಅನಾಹುತವೋ ಮರಣವೋ ಸಂಭವಿಸಿತು. ಮರುವರ್ಷ, ಎಂದರೆ 2023ರಲ್ಲಿ, ಬ್ರಿಟನ್ನಿನ 345 ರೋಗಿಗಳ ಬೇಸಿಲ್-2 ಪರೀಕ್ಷೆ ಇದಕ್ಕೆ ಪ್ರತಿಯಾಗಿ, ಮಂಡಿಯ ಕೆಳಗಿನ ಧಮನಿಗಳಿಗೆ ಒಳದಾರಿಯ ಚಿಕಿತ್ಸೆಯೇ ಲೇಸೆಂದಿತು. ಅಲ್ಲಿ ದೊಡ್ಡ ಅಂಗಚ್ಛೇದವೋ ಮರಣವೋ ಸಂಭವಿಸಿದುದು ಶಸ್ತ್ರಚಿಕಿತ್ಸೆಯವರಲ್ಲಿ ನೂರಕ್ಕೆ 63, ಒಳದಾರಿಯವರಲ್ಲಿ 53. ಈ ವಿರೋಧದಿಂದ ಧೃತಿಗೆಡಬೇಕಾಗಿಲ್ಲ. ರೋಗಿಯ ವಯಸ್ಸು, ಸಿರೆಯ ಗುಣ, ಅಡಚಣೆಯ ಸ್ಥಾನ, ಹೃದಯದ ಶಕ್ತಿ ಇವನ್ನು ತೂಗಿ ಒಬ್ಬೊಬ್ಬರಿಗೆ ಒಂದೊಂದನ್ನು ಆರಿಸಬೇಕೆಂಬುದೇ ಇವುಗಳ ಸಾರ. ಎರಡರಲ್ಲಿಯೂ ಅನಾಹುತಗಳ ಸಂಖ್ಯೆ ದೊಡ್ಡದಿರುವುದು, ತಡವಾಗಿ ಬಂದ ರೋಗ ಎಷ್ಟು ಕಠಿಣವೆಂಬುದಕ್ಕೆ ಸಾಕ್ಷಿ.

ಚಿಕಿತ್ಸೆಗೂ ತನ್ನದೇ ಉಪದ್ರವಗಳಿವೆ. ಚುಚ್ಚಿದ ಸ್ಥಳದಲ್ಲಿ ರಕ್ತಸ್ರಾವ, ಬಣ್ಣದ ದ್ರವದಿಂದ ಮೂತ್ರಪಿಂಡಗಳಿಗೆ ತೊಂದರೆ, ಗಾಯದ ಸೋಂಕು, ಹಿಗ್ಗಿಸಿದ ನಾಳ ಮತ್ತೆ ಕಿರಿದಾಗುವುದು, ಹೊಲಿದ ಕಾಲುವೆ ಕಟ್ಟಿಕೊಳ್ಳುವುದು ಇವು ಮುಖ್ಯವಾದುವು. ಆದುದರಿಂದ ನಾಳ ತೆರೆದ ಮಾತ್ರಕ್ಕೆ ರೋಗ ಹೋಯಿತೆಂದು ಭಾವಿಸಿ ಮಾತ್ರೆ ಬಿಡುವುದೂ ಬೀಡಿ ಹಚ್ಚುವುದೂ ಆತ್ಮಘಾತಕ. ಶಾಸ್ತ್ರದ ಪರಿಭಾಷೆಯಲ್ಲಿ ಇದು ಯಾಪ್ಯರೋಗ; ಪಥ್ಯವಿರುವವರೆಗೆ ಕ್ಷೇಮ.

ಕಾಲು ತೆಗೆಯುವುದೇ ಅನಿವಾರ್ಯವಾದರೆ ಅದನ್ನು ಸೋಲೆಂದೆಣಿಸಬಾರದು. ಹರಡಿದ ಕೊಳೆತದಿಂದ ಪ್ರಾಣವನ್ನು ಉಳಿಸುವ ದಾರಿ ಅದು. ಮಂಡಿಯನ್ನು ಉಳಿಸಿಕೊಂಡರೆ ಕೃತಕ ಕಾಲಿನಲ್ಲಿ ನಡೆಯುವುದು ಸುಲಭ. 1960ರ ದಶಕದ ಕೊನೆಯಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮ, ವೈದ್ಯ ಪಿ. ಕೆ. ಸೇಠಿ ಇವರ ಸಹಯೋಗದಿಂದ ರೂಪುಗೊಂಡ ಜೈಪುರ ಕಾಲು, ನೆಲದಲ್ಲಿ ಕೂರುವ, ಗದ್ದೆಯಲ್ಲಿ ಇಳಿಯುವ ನಮ್ಮ ಜನರ ಬದುಕಿಗೆ ಹೊಂದುವಂಥದು. ಆದರೂ ರಕ್ತನಾಳರೋಗದಿಂದ ಕಾಲು ಕಳೆದುಕೊಂಡವರಲ್ಲಿ ಸುಮಾರು ಅರ್ಧದಷ್ಟು ಮಂದಿ ಐದು ವರ್ಷ ಬದುಕುವುದಿಲ್ಲವೆಂಬುದನ್ನು ಹಲವು ದೇಶಗಳ ಅಧ್ಯಯನಗಳು ಹೇಳುತ್ತವೆ. ಉಳಿದ ಕಾಲನ್ನೂ ಹೃದಯವನ್ನೂ ಆಮೇಲೆ ಇನ್ನಷ್ಟು ಜೋಪಾನ ಮಾಡಬೇಕು.

ದೂರ ಮತ್ತು ಹೊತ್ತು

ಎಲ್ಲಕ್ಕಿಂತ ಅವಸರದ ಸ್ಥಿತಿ ಹಠಾತ್ತಾಗಿ ಧಮನಿ ಕಟ್ಟಿಕೊಳ್ಳುವುದು. ಹೃದಯದಲ್ಲಿ ಹುಟ್ಟಿದ ಹೆಪ್ಪು ಹರಿದು ಬಂದು ತೊಡೆಯಲ್ಲೋ ಮಂಡಿಯಲ್ಲೋ ಸಿಕ್ಕಿಕೊಂಡರೆ ಕಾಲು ಒಮ್ಮೆಲೇ ನೋಯತೊಡಗಿ, ಬಿಳಿಚಿ, ತಣ್ಣಗಾಗಿ, ನಾಡಿ ನಿಂತು, ಜೋಮು ಹಿಡಿದು, ಕಡೆಗೆ ಬೆರಳಾಡಿಸಲೂ ಬಾರದಂತಾಗುತ್ತದೆ. ಸುಮಾರು ಆರು ಗಂಟೆಗಳೊಳಗೆ ರಕ್ತ ಹರಿಯದಿದ್ದರೆ ಮಾಂಸ ಸಾಯತೊಡಗುತ್ತದೆ. ಥಾಮಸ್ ಫೋಗಾರ್ಟಿ 1963ರಲ್ಲಿ ಪ್ರಕಟಿಸಿದ ಬಲೂನು ನಳಿಕೆಯಿಂದ ಇಂಥ ಹೆಪ್ಪನ್ನು ಸಣ್ಣ ಗಾಯದ ಮೂಲಕ ಎಳೆದು ತೆಗೆಯಬಹುದು. ಕಾಲದಲ್ಲಿ ಆದರೆ ಫಲ ಉತ್ತಮ. ತಡವಾಗಿ ರಕ್ತ ಹರಿಸಿದರೆ ಸತ್ತ ಮಾಂಸದ ವಿಷ ಹೃದಯಕ್ಕೂ ಮೂತ್ರಪಿಂಡಗಳಿಗೂ ಏರುತ್ತದೆ.

ಮಾಸ್ತಿಕಟ್ಟೆಯಂಥ ಊರಿನಲ್ಲಿ ಈ ಆರು ಗಂಟೆಗಳ ಲೆಕ್ಕ ಬಹಳ ಬಿಗಿಯಾದುದು. ಘಟ್ಟ ಇಳಿದು ಕುಂದಾಪುರದ ಮೇಲೆ ಮಣಿಪಾಲಕ್ಕೆ ಹೋಗಬೇಕು, ಇಲ್ಲವೆ ಹೊಸನಗರ ಅಥವಾ ತೀರ್ಥಹಳ್ಳಿಯ ಮೇಲೆ ಶಿವಮೊಗ್ಗಕ್ಕೆ ಹೋಗಬೇಕು. ಮಳೆಗಾಲದ ಮಂಜು, ಬಿದ್ದ ಮರ, ಕುಸಿದ ಮಣ್ಣು ಯಾವಾಗ ದಾರಿ ತಡೆಯುವುದೋ ಹೇಳಲಾಗದು. ಇಂಥಲ್ಲಿ ಎಣ್ಣೆ ತಿಕ್ಕುತ್ತ, ಶಾಖ ಕೊಡುತ್ತ, ಬೆಳಗಾಗಲೆಂದು ಕಾಯುತ್ತ ಕಳೆದ ಒಂದೊಂದು ಗಂಟೆಯೂ ಕಾಲಿನ ಆಯುಸ್ಸಿನಿಂದ ಕಳೆದುದು. ಕಾಲನ್ನು ತಿಕ್ಕಬಾರದು, ಕಾಯಿಸಬಾರದು, ಎತ್ತರಕ್ಕೆ ಏರಿಸಬಾರದು. ಹತ್ತಿಯ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ, 108ಕ್ಕೆ ಕರೆಮಾಡಿ, ರಕ್ತನಾಳದ ಶಸ್ತ್ರವೈದ್ಯರಿರುವ ಆಸ್ಪತ್ರೆ ಯಾವುದೆಂದು ತಾಲ್ಲೂಕು ಆಸ್ಪತ್ರೆಯ ವೈದ್ಯರಿಂದ ತಿಳಿದು ನೇರವಾಗಿ ಅಲ್ಲಿಗೇ ಒಯ್ಯಬೇಕು.

ಹೃದಯಾಘಾತದ ವಿಷಯದಲ್ಲಿ ಕರ್ನಾಟಕ ಒಂದು ಮಾರ್ಗವನ್ನು ತೋರಿಸಿದೆ. 2021ರ ಅಕ್ಟೋಬರಿನಲ್ಲಿ ಅಗಲಿದ ನಟ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ಜಯದೇವ ಸಂಸ್ಥೆಯಂಥ ಕೇಂದ್ರದ ತಜ್ಞರು ದೂರದಿಂದಲೇ ನೋಡಿ, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡಿಸುವ ಏರ್ಪಾಡಿದೆ. ದೂರವನ್ನು ವ್ಯವಸ್ಥೆಯಿಂದ ಗೆಲ್ಲಬಹುದೆಂಬುದಕ್ಕೆ ಇದು ನಿದರ್ಶನ. ಕಾಲಿನ ವಿಷಯದಲ್ಲಿ ಆ ಕೆಲಸದ ಮೊದಲ ಪಾಲು ಮನೆಯಲ್ಲಿಯೇ ನಡೆಯಬೇಕಾಗಿದೆ. ಖರ್ಚಿನ ಭಯಕ್ಕೂ ಪರಿಹಾರವಿಲ್ಲದಿಲ್ಲ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನ ರೇಖೆಯ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಗೆ ಅವಕಾಶವಿದೆ.

ಉಪಸಂಹಾರ

ಇಷ್ಟೆಲ್ಲ ವಿವರಗಳಿಂದ ತಿಳಿಯುವ ತತ್ತ್ವ ಸರಳವಾದುದು. ರಕ್ತನಾಳರೋಗದಲ್ಲಿ ಯಂತ್ರಗಳ ಬೆಲೆಗಿಂತ ಹೊತ್ತಿನ ಬೆಲೆ ದೊಡ್ಡದು. ನಡಿಗೆಯ ನೋವಿನಲ್ಲಿ ಸುಖಸಾಧ್ಯವಾದುದು ಹುಣ್ಣಿನಲ್ಲಿ ಕೃಚ್ಛ್ರಸಾಧ್ಯವಾಗುತ್ತದೆ, ಗ್ಯಾಂಗ್ರೀನಿನಲ್ಲಿ ಕೈಮೀರುತ್ತದೆ. ಮನೆಯಲ್ಲಿ ಸಕ್ಕರೆ ಕಾಯಿಲೆಯ ಅಜ್ಜನೋ ಅಜ್ಜಿಯೋ ಇದ್ದರೆ, ಕಣ್ಣು ಮಂಜಾದ ಅವರು ತಮ್ಮ ಅಂಗಾಲನ್ನು ತಾವೇ ನೋಡಿಕೊಳ್ಳಲಾರರು. ಬಾಗುವುದೂ ಅವರಿಗೆ ಕಷ್ಟ. ಚುರುಕುಗಣ್ಣಿನ ಮಕ್ಕಳು ಆ ಕೆಲಸವನ್ನು ವಹಿಸಿಕೊಳ್ಳಬಹುದು. ದಿನವೂ ಸಂಜೆ ಅವರ ಪಾದಗಳನ್ನು ತೊಳೆದು, ಬೆರಳ ಸಂದುಗಳನ್ನು ಒರಸಿ, ಬಿರುಕು, ಬೊಬ್ಬೆ, ಮುಳ್ಳು, ಬಣ್ಣದ ವ್ಯತ್ಯಾಸ ಇವನ್ನು ನೋಡಿ, ಸಂದೇಹ ಬಂದರೆ ಮರುದಿನವೇ ವೈದ್ಯರ ಬಳಿಗೆ ಕರೆದೊಯ್ಯುವಂತೆ ತಂದೆತಾಯಿಗಳಿಗೆ ಹೇಳಬೇಕು. ಹಿರಿಯರ ಪಾದ ಮುಟ್ಟಿ ನಮಸ್ಕರಿಸುವುದು ನಮ್ಮ ನಾಡಿನ ಸಂಪ್ರದಾಯ. ಮುಟ್ಟುವುದರೊಂದಿಗೆ ಆ ಪಾದವನ್ನು ಕಣ್ಣಿಟ್ಟು ನೋಡುವುದನ್ನೂ ಮಕ್ಕಳು ಕಲಿತರೆ ಎಷ್ಟೋ ಮನೆಗಳಲ್ಲಿ ಎಷ್ಟೋ ಕಾಲುಗಳು ಉಳಿದಾವು.